ಕಲ್ಲು ನಿಲ್ಲುವ ತನಕ

"ಅರ ಉಜ್ಜೋದು ಒಂಚೂರು ನಿಲ್ಸೋ. ಕೇಳಿಸ್ಕೋಬೇಕು."

ಸಾಣೆಯವನು ಹೀಗೆಂದಾಗ ಹಲಗೆಯ ಅಡ್ಡಗೋಡೆಯ ಆಚೆ ಬೀಗದವನು ಕೀಲಿಕೈಯೊಂದನ್ನು ಇಕ್ಕಳದಲ್ಲಿ ಹಿಡಿದು ತಿಕ್ಕುತ್ತಿದ್ದ. "ಏನ್ ಕೇಳಿಸ್ಕೋತೀಯ? ಕಲ್ಲು ಹಾಡುತ್ತಾ?" ಅಂದ. ಅಂದರೂ ಅರವನ್ನು ಕೆಳಗಿಟ್ಟ.

ಸಾಣೆಯವನು ಮಷೀನಿನಿಂದ ಬಿಚ್ಚಿದ ದುಂಡು ಕಲ್ಲಿನ ತೂತಿಗೆ ಬೆರಳು ಕೊಟ್ಟು, ಅದನ್ನು ನೇತಾಡಿಸಿಕೊಂಡು, ಸ್ಕ್ರೂಡ್ರೈವರಿನ ಮರದ ಹಿಡಿಯಿಂದ ಮೆಲ್ಲಗೆ ತಟ್ಟಿದ. ಸ್ವಲ್ಪ ತಿರುಗಿಸಿ ಮತ್ತೊಂದು ಕಡೆ ತಟ್ಟಿದ. ಗಟ್ಟಿ ಕಲ್ಲಾದರೆ ಠಣ್ಣೆನ್ನಬೇಕು. ಇದು ಎಲ್ಲಿ ತಟ್ಟಿದರೂ ನೆನೆದ ಹಲಗೆಯ ಹಾಗೆ ಠಪ್ಪೆಂದು ಸುಮ್ಮನಾಯಿತು.

"ಹೋಯ್ತು."

"ಯಾರು?"

"ಕಲ್ಲು."

ಬೆಳಿಗ್ಗೆ ಸಾಣೆಯವನು ಡಬ್ಬಕ್ಕೆ ನೀರು ತುಂಬಿಸಿಕೊಂಡು ಬರಲು ನಲ್ಲಿಯ ಹತ್ತಿರ ಹೋಗಿದ್ದ. ಅಷ್ಟರಲ್ಲಿ ಗಾರೆ ಕೆಲಸದವನು ಅವಸರಕ್ಕೆ ಬಿದ್ದು, ತಾನೇ ಪ್ಲಗ್ಗು ಹಾಕಿ, ಮಷೀನಿನ ಎರಡು ಕಲ್ಲುಗಳಲ್ಲಿ ಒರಟು ಕಲ್ಲು ಬಿಟ್ಟು ನಯದ ಕಲ್ಲಿಗೆ ತನ್ನ ಉಳಿಯನ್ನು ಒತ್ತಿದ್ದ. ಉಳಿ, ಅದನ್ನು ಆನಿಸುವ ಆಧಾರದ ತಗಡಿಗೂ ಕಲ್ಲಿಗೂ ನಡುವೆ ಸಿಕ್ಕಿಕೊಂಡು ಮಷೀನು ಒಮ್ಮೆ ಜಗ್ಗಿ ನಿಂತಿತ್ತು. "ಏನಾಗಿಲ್ಲ ಬಿಡಣ್ಣ, ಕಲ್ಲು ಅಂದ್ರೆ ಕಲ್ಲೇ," ಎಂದು ಉಳಿಯನ್ನು ಅಲ್ಲೇ ಎಸೆದು ಹೋಗಿದ್ದ. ಕಣ್ಣಿಗೆ ಒಂದು ಗೆರೆಯೂ ಕಾಣುತ್ತಿರಲಿಲ್ಲ. ಆದರೆ ಒಳಗಿನ ಬಿರುಕು ಕಣ್ಣಿಗೆ ಸುಳ್ಳು ಹೇಳೀತು, ಕಿವಿಗೆ ಹೇಳಲಾರದು. ಅಂಥ ಕಲ್ಲು ಪೂರ್ತಿ ವೇಗಕ್ಕೆ ಹೋದಾಗ ಸಿಡಿದರೆ ಎದುರಿಗಿದ್ದವನ ಗತಿ ಏನಾಗುತ್ತದೆಂದು ಅವನು ಹಳೆಯ ಪೇಟೆಯಲ್ಲಿ ಒಬ್ಬನ ಗಲ್ಲದ ಮೇಲೆ ನೋಡಿದ್ದ.

ಇನ್ಯಾರೂ ತಿಳಿಯದೆ ಮಷೀನಿಗೆ ಹಾಕಿಕೊಳ್ಳಬಾರದೆಂದು ಕಲ್ಲನ್ನು ಸುತ್ತಿಗೆಯಿಂದ ಒಡೆದು, ಚೂರುಗಳನ್ನು ಮೂಲೆಯ ಬಕೆಟ್ಟಿಗೆ ಹಾಕುತ್ತಿರುವಾಗಲೇ ಮೆಟ್ಟಿಲ ಹತ್ತಿರ ದನಿ ಕೇಳಿತು.

"ಇವ್ರೇ, ಇದ್ದೀರಾ?"

ಅವನ ಕೈ ಬಕೆಟ್ಟಿನ ಮೇಲೆಯೇ ನಿಂತಿತು. ಅಡ್ಡಗೋಡೆಯ ಆಚೆ ಬೀಗದವನು ಬೇಕಂತಲೇ ಕೆಮ್ಮಿದ.

ಆ ಪೇಟೆಯ ಹೆಂಗಸರೆಲ್ಲ, ಮೀನು ಮಾರುವವಳಿಂದ ಹಿಡಿದು ಆಸ್ಪತ್ರೆಯ ನರ್ಸಿನವರೆಗೆ, ಅವನನ್ನು ಸಾಣೆಯಣ್ಣ ಅನ್ನುತ್ತಿದ್ದರು. ಬೀಗದವನೂ ಎಲ್ಲರಿಗೂ ಅಣ್ಣನೇ. ಹೊಲಿಗೆ ಅಂಗಡಿಯ ಈ ಹೆಂಗಸು ಮಾತ್ರ ಬೀಗದವನಿಗೆ ಬಾಯಿ ತುಂಬ ಅಣ್ಣ ಅನ್ನುವಳು, ಇವನ ಹತ್ತಿರ ಬಂದಾಗ 'ಇವ್ರೇ' ಅನ್ನುವಳು. ಮೊದಮೊದಲು ಅವನು ಅದನ್ನು ಗಮನಿಸಿರಲಿಲ್ಲ. ಗಮನಿಸಿ ಎತ್ತಿ ಹೇಳಿದವನು ಬೀಗದವನು. ಅಂದಿನಿಂದ ಆ ಎರಡಕ್ಷರ ಚಪ್ಪಲಿಯೊಳಗಿನ ಮರಳಿನ ಹಾಗೆ ಅವನ ಜೊತೆಗೇ ನಡೆಯುತ್ತಿತ್ತು. ಊರೆಲ್ಲ ಅವಳನ್ನು ಟೈಲರಮ್ಮ ಅನ್ನುತ್ತಿದ್ದರೂ ಅವನ ಬಾಯಿಗೆ ಅದೂ ಬರುತ್ತಿರಲಿಲ್ಲ. ಬನ್ನಿ, ಕೊಡಿ, ಸಂಜೆ ಆಗುತ್ತೆ, ಇಷ್ಟರಲ್ಲೇ ಅವನ ಮಾತು ಮುಗಿಯುತ್ತಿತ್ತು.

ಅವನ ಹೆಂಡತಿ ತೀರಿಕೊಂಡು ಬಹಳ ಕಾಲವಾಗಿತ್ತು. ಇವಳೋ, ಬೆನ್ನಿಗೆ ಬಿದ್ದ ತಮ್ಮ ತಂಗಿಯರನ್ನು ಒಬ್ಬೊಬ್ಬರನ್ನಾಗಿ ದಡ ಮುಟ್ಟಿಸುವಷ್ಟರಲ್ಲಿ ತನ್ನ ತಲೆಗೂದಲು ಬೆಳ್ಳಗಾದವಳು. ಕೈಯಲ್ಲಿ ತಾಯಿಯ ಕಾಲದ ಒಂದು ದೊಡ್ಡ ಕತ್ತರಿ. ಅದಕ್ಕೆ ಸಾಣೆ ಬೇಕಾದಾಗ ಬರುವಳು, ಕೊಟ್ಟು ಹೋಗುವಳು, ಸಂಜೆ ಒಯ್ಯುವಳು. ಅವನು ಹಿಡಿದ ಸಾಣೆಯೋ ತಿಂಗಳುಗಟ್ಟಲೆ ಬಾಳುವಂಥದು. "ಸ್ವಲ್ಪ ಮೊಂಡು ಬಿಡೋ ಪುಣ್ಯಾತ್ಮ, ವಾರಕ್ಕೊಂದ್ಸಲ ಬರ್ತಾರೆ," ಎಂದು ಬೀಗದವನು ಉಪದೇಶ ಮಾಡಿದ್ದ. "ಮನಸ್ಸು ಒಪ್ಪುತ್ತೆ, ಕೈ ಒಪ್ಪಲ್ವಲ್ಲೋ," ಎಂದಿದ್ದ ಇವನು. ಕೈ ಎಷ್ಟು ನಿಯತ್ತಾಗಿ ದುಡಿಯಿತೋ ಅಷ್ಟು ದಿನ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯಬೇಕಾಗಿತ್ತು. ಅದಕ್ಕಿಂತ ಹೆಚ್ಚಿನದು, ಪ್ರತಿ ಸಾಣೆಗೂ ಕತ್ತರಿ ಕೂದಲೆಳೆಯಷ್ಟು ಸವೆಯುತ್ತಿತ್ತು. ಅಗಲವಾಗಿದ್ದ ಅಲಗು ಈಗ ಹಲ್ಲುಜ್ಜುವ ಬೇವಿನ ಕಡ್ಡಿಯ ಹಾಗೆ ಸಪುರವಾಗಿತ್ತು.

"ಈಗ್ಲೇ ಬೇಕಾಗಿತ್ತು," ಅಂದಳು ಅವಳು, ಬಟ್ಟೆಯಲ್ಲಿ ಸುತ್ತಿದ ಕತ್ತರಿಯನ್ನು ಮುಂದೆ ಚಾಚಿ. "ಒಂದು ಕೋಟು ಉಳಿದಿದೆ. ದಪ್ಪ ಉಣ್ಣೆ. ಅದು ಕೊಟ್ಬಿಟ್ರೆ ಅಂಗಡಿ ಮುಚ್ತೀನಿ."

"ಇವತ್ತು ಬೇಗ ಮುಚ್ತೀರಾ?"

"ಇವತ್ತಿಗಲ್ಲ. ಪೂರ್ತಿ. ಸೋಮವಾರದಿಂದ ಹೊಸ ಹೊಲಿಗೆ ಕಾರ್ಖಾನೆಗೆ ಹೋಗ್ತೀನಿ. ತಿಂಗಳ ಸಂಬಳ. ಅಲ್ಲಿ ಕತ್ತರಿ ಕೆಲಸ ಇಲ್ಲವಂತೆ. ಬಟ್ಟೇನ ಹಾಸಿಗೆ ಥರ ಅಟ್ಟಿ ಪೇರಿಸಿ ಮಷೀನಲ್ಲೇ ಕೊಯ್ತಾರಂತೆ."

ಅವನು ಕತ್ತರಿ ತೆಗೆದುಕೊಂಡ. ಸುತ್ತಿದ ಬಟ್ಟೆಯನ್ನು ಬಿಚ್ಚಿ ಮಡಿಸಿದ, ಮತ್ತೆ ಮಡಿಸಿದ, ಇನ್ನು ಮಡಿಸಲು ಬಾರದಷ್ಟು ಚಿಕ್ಕದಾದಾಗ ಬೆಂಚಿನ ಮೇಲಿಟ್ಟ. ಅವಳಿನ್ನು ಬರುವುದಿಲ್ಲ. ಮಾತು ಅಷ್ಟೇ.

"ಕಲ್ಲು ಬದಲಾಯಿಸ್ಬೇಕು," ಅಂದ ಕಡೆಗೆ. "ಹೊತ್ತು ಹಿಡಿಯುತ್ತೆ. ಅವಸರ ಇದ್ರೆ ಬಸ್ ಸ್ಟ್ಯಾಂಡ್ ಹತ್ರ ಇನ್ನೊಬ್ಬ ಇದಾನೆ."

ಆಚೆಯಿಂದ ಬೀಗದವನು ಹಣೆ ಚಚ್ಚಿಕೊಂಡ ಸದ್ದು ಕೇಳಿತು.

"ಬೇರೆಯವರ ಕೈಗೆ ಇದನ್ನ ಕೊಟ್ಟಿಲ್ಲ ನಾನು," ಅಂದಳು ಅವಳು. "ಕೂತಿರ್ತೀನಿ."

ಮೊದಲ ಸಲ ಅವಳು ಆ ಅಂಗಡಿಯಲ್ಲಿ ಕೂತಳು. ಅಂಗಡಿ ಅಂದರೆ ಎರಡು ಕೈ ಚಾಚಿದರೆ ಎರಡೂ ಗೋಡೆ ಸಿಗುವಷ್ಟು. ಅವನು ಮೊದಲು ಪ್ಲಗ್ಗು ಹೊರಗಿದೆಯೇ ಎಂದು ನೋಡಿದ. ನೋಡಿದ್ದು ಗೊತ್ತಿದ್ದೂ ಮತ್ತೊಮ್ಮೆ ನೋಡಿದ. ಕಪಾಟಿನಿಂದ ಹೊಸ ಕಲ್ಲು ತೆಗೆದ. ಅದರ ಮೇಲೆ ಬರೆದ ವೇಗದ ಅಂಕಿಯನ್ನು ಮಷೀನಿನ ತಗಡಿನ ಮೇಲಿನ ಅಂಕಿಯ ಜೊತೆ ಬೆರಳಿಟ್ಟು ಹೋಲಿಸಿದ. ಓದು ಅಷ್ಟಕ್ಕಷ್ಟೇ ಆದರೂ ಅಂಕಿಯ ವಿಷಯದಲ್ಲಿ ಅವನು ಯಾರನ್ನೂ ನಂಬುತ್ತಿರಲಿಲ್ಲ. ಕಲ್ಲನ್ನು ಬೆರಳಿಗೆ ನೇತು ಹಾಕಿ ತಟ್ಟಿದ. ಠಣ್ಣೆಂದಿತು.

"ಹೊಸ ಮಡಕೆ ತಟ್ಟಿ ನೋಡ್ದಂಗೆ," ಅಂದಳು.

"ಹೂಂ. ಅದೇ. ಆದ್ರೆ ಮಡಕೆ ಒಡೆದ್ರೆ ನೀರು ಹೋಗುತ್ತೆ, ಅಷ್ಟೇ."

"ಇಲ್ಲಿ?"

"ಇಲ್ಲಿ ಮುಖ ಹೋಗುತ್ತೆ."

ಅವಳು ನಕ್ಕಳು. "ನಿಮ್ಮ ಮುಖ ಚೆನ್ನಾಗೇ ಇದೆಯಲ್ಲ ಇನ್ನೂ."

ಅಡ್ಡಗೋಡೆಯ ಆಚೆ ಮತ್ತೆ ಶುರುವಾಗಿದ್ದ ಅರದ ಸದ್ದು ಪೂರ್ತಿ ನಿಂತುಹೋಯಿತು. ಅವನ ಕಿವಿಯ ತುದಿ ಬಿಸಿಯಾಯಿತು. ಕಲ್ಲಿನ ಎರಡೂ ಮಗ್ಗುಲಿಗೆ ಕಾಗದದ ಬಿಲ್ಲೆ ಇಟ್ಟು, ಬಿಗಿ ತಗಡು ಕೂರಿಸಿ, ನಟ್ಟನ್ನು ತಿರುಗಿಸಿದ. ಬಿಗಿಯಾಗಬೇಕು, ಆದರೆ ಬಲ ಹಾಕಬಾರದು. ಬಲ ಹಾಕಿದರೆ ಹೊಸ ಕಲ್ಲೂ ಬಿರಿಯುತ್ತದೆ. ಮೇಲಿನ ಮುಚ್ಚಳ ಹಾಕಿದ. ಆಧಾರದ ತಗಡನ್ನು ಕಲ್ಲಿನ ಹತ್ತಿರ ಸರಿಸಿ, ನಡುವೆ ಬೆಂಕಿಕಡ್ಡಿ ತೂರಿಸಿ ಸಂದಿ ಅಳೆದ. ಕಲ್ಲನ್ನು ಕೈಯಿಂದಲೇ ಒಂದು ಸುತ್ತು ತಿರುಗಿಸಿ ಎಲ್ಲೂ ತಾಗುವುದಿಲ್ಲವೆಂದು ಖಾತ್ರಿ ಮಾಡಿಕೊಂಡ.

"ಈಗ ಖಾಲಿ ಓಡಿಸ್ಬೇಕು, ಒಂದು ನಿಮಿಷ. ಹೊಸ ಕಲ್ಲಿನ ಎದುರಿಗೆ ಯಾರೂ ಇರಬಾರ್ದು. ನೀವು ಹೊರಗೆ ನಿಂತ್ಕೊಳ್ಳಿ."

"ನೀವು?"

"ನಾನು ಇಲ್ಲಿ, ಈ ಪಕ್ಕಕ್ಕೆ, ಸ್ವಿಚ್ಚಿನ ಹತ್ರ."

"ಅಲ್ಲಿ ಏನೂ ಆಗಲ್ವಾ?"

"ಇಲ್ಲ. ಸಿಡಿದ್ರೂ ಈ ಕಡೆ ಬರೋದು ಕಮ್ಮಿ."

"ಹಾಗಾದ್ರೆ ಅಲ್ಲೇ ನಿಂತ್ಕೋತೀನಿ. ಹೊರಗೆ ಬಿಸಿಲು."

ಹೊರಗೆ ಬಿಸಿಲಿರಲಿಲ್ಲ. ಅವಳು ಬೆಂಚನ್ನು ಬಳಸಿಕೊಂಡು ಬಂದು ಅವನ ಮಗ್ಗುಲಿಗೆ, ಗೋಡೆಗೆ ಬೆನ್ನು ಹಚ್ಚಿ ನಿಂತಳು. ಕೊರಳಲ್ಲಿ ಅಳತೆಯ ಟೇಪು ನೇತಾಡುತ್ತಿತ್ತು.

"ಅದನ್ನ ತೆಗೀಬೇಕು," ಅಂದ ಅವನು. "ತಿರುಗೋ ಮಷೀನಿನ ಹತ್ರ ಕೊರಳಲ್ಲಿ ಏನೂ ಇರಬಾರ್ದು."

ಅವಳು ಟೇಪು ತೆಗೆದು ಅಂಗೈಗೆ ಸುತ್ತಿಕೊಂಡಳು. ಕಣ್ಣಿಗೆ ಚೂರು ಸಿಡಿಯದಿರಲೆಂದು ಅವನು ತನ್ನ ಇನ್ನೊಂದು ಕನ್ನಡಕ ಕೊಟ್ಟ. ಅದು ಅವಳ ಮೂಗಿನಿಂದ ಜಾರುತ್ತಿತ್ತು. ಅವಳು ಅದನ್ನು ಬೆರಳಿಂದ ಒತ್ತಿ ಹಿಡಿದುಕೊಂಡಳು.

ಅವನು ಪ್ಲಗ್ಗು ಸಿಕ್ಕಿಸಿ ಸ್ವಿಚ್ಚು ಹಾಕಿದ. ಮಷೀನು ಗುಂಯ್ಯೆಂದು ಎದ್ದಿತು, ದನಿ ಏರಿ ಒಂದೇ ಶ್ರುತಿಗೆ ನಿಂತಿತು. ಇಬ್ಬರ ತೋಳುಗಳ ನಡುವೆ ಒಂದು ಬೆರಳಿನಷ್ಟು ಜಾಗ. ಅವಳಿಂದ ಇಸ್ತ್ರಿ ಮಾಡಿದ ಬಟ್ಟೆಯ ಬಿಸಿ ವಾಸನೆ ಬರುತ್ತಿತ್ತು. ಜೀವಮಾನವೆಲ್ಲ ಅವನು ಈ ಒಂದು ನಿಮಿಷವನ್ನು ಒಬ್ಬನೇ ನಿಂತು ಕಳೆದಿದ್ದ. ಕಲ್ಲು ಸಿಡಿಯುವುದೋ ಇಲ್ಲವೋ ಎಂದು ಕಿವಿಯಾಗಿ ನಿಂತಿದ್ದ. ಇಂದು ಕಿವಿ ಕಲ್ಲಿನ ಮೇಲಿರಲಿಲ್ಲ. ಹಾಗೆಂದು ತಿಳಿದು ಗಾಬರಿಯಾಗಿ ಅದನ್ನು ಮತ್ತೆ ಕಲ್ಲಿನ ಕಡೆಗೆ ಎಳೆದು ತಂದ.

"ಆಯ್ತೇನೋ ಅಲ್ವಾ ನಿಮಿಷ?" ಅಂದಳು ಅವಳು ತುಸು ಹೊತ್ತಾದ ಮೇಲೆ.

"ಹೊಸ ಕಲ್ಲು. ಇನ್ನೂ ಸ್ವಲ್ಪ ನೋಡೋಣ."

"ನೋಡೋಣ," ಅಂದಳು.

ಅದಾದ ಮೇಲೆ ಮಾಡಬೇಕಾದ್ದನ್ನೆಲ್ಲ ಅವನು ಮಾಡಿದ. ಅವಳನ್ನು ದೂರ ಕೂರಿಸಿ, ಕತ್ತರಿಯ ತಿರುಪು ಬಿಚ್ಚಿ, ಅಲಗುಗಳನ್ನು ಬೇರೆ ಮಾಡಿ, ಹೊರಮೈಯನ್ನಷ್ಟೇ ಕಲ್ಲಿಗೆ ತೋರಿಸಿದ. ಒತ್ತಲಿಲ್ಲ. ಬೆಕ್ಕಿನ ಬೆನ್ನು ನೇವರಿಸಿದ ಹಾಗೆ ಹಿಡಿಯಿಂದ ತುದಿಯವರೆಗೆ ಒಂದೇ ಎಳೆತ, ಮತ್ತೆ ನೀರಿಗೆ. ಅಲಗು ಬಿಸಿಯಾಗಿ ನೀಲಿಗಟ್ಟಿದರೆ ಅದರ ಹದ ಸತ್ತ ಹಾಗೆ. ಕಲ್ಲು ಕಬ್ಬಿಣವನ್ನು ತಿನ್ನುವ ಸದ್ದು ಅಷ್ಟು ಸಣ್ಣಗೆ ಹಿಂದೆಂದೂ ಬಂದಿರಲಿಲ್ಲ. ಅವನು ಆ ದಿನ ತೆಗೆದದ್ದು ಧೂಳಿನಷ್ಟೂ ಇರಲಿಕ್ಕಿಲ್ಲ. ಸ್ವಿಚ್ಚು ಆರಿಸಿ, ಕೈಸಾಣೆಯ ಮೇಲೆ ಅಂಚಿನ ಸಿಬಿರು ತೆಗೆದು, ತಿರುಪು ಬಿಗಿದು, ಒಂದು ಹನಿ ಎಣ್ಣೆ ಬಿಟ್ಟು ಕೊಟ್ಟ.

ಅವಳು ಚೀಲದಿಂದ ಒಂದು ತೆಳು ಬಟ್ಟೆ ತೆಗೆದು ತುದಿಯಿಂದ ಕತ್ತರಿಸಿದಳು. ಬಟ್ಟೆ ಸದ್ದಿಲ್ಲದೆ ಎರಡಾಯಿತು. ಕೂಲಿ ಕೊಟ್ಟಳು. ಕನ್ನಡಕವನ್ನು ಒರೆಸಿ ಬೆಂಚಿನ ಮೇಲಿಟ್ಟಳು. ಹೊರಟವಳು ಮೆಟ್ಟಿಲ ಮೇಲೆ ನಿಂತು, ಬೀದಿಯ ಕಡೆ ನೋಡುತ್ತಲೇ ಕೇಳಿದಳು.

"ಕಾರ್ಖಾನೆಗೆ ಭಾನುವಾರ ರಜ. ಇವ್ರೇ, ಬಳಸದೆ ಇಟ್ಟ ಕತ್ತರಿಗೂ ಆಗಾಗ ಸಾಣೆ ಹಿಡಿಸ್ಬೇಕಾಗುತ್ತಾ?"

ಅವನು ಯೋಚನೆ ಮಾಡಿದ. ಕಸುಬಿನ ಪ್ರಶ್ನೆಗೆ ಅವನು ಯಾರಿಗೂ ಬಾಯಿಗೆ ಬಂದ ಉತ್ತರ ಕೊಟ್ಟವನಲ್ಲ.

"ಬೇಡ," ಅಂದ. "ಬಳಸದಿದ್ದ ಕತ್ತರಿ ಮೊಂಡಾಗಲ್ಲ. ಎಣ್ಣೆ ಬಟ್ಟೇಲಿ ಸುತ್ತಿಟ್ರೆ ವರ್ಷಗಟ್ಲೆ ಇರುತ್ತೆ. ಸುಮ್ನೆ ಸಾಣೆ ಹಿಡಿಸಿ ಸವೆಸ್ಬೇಡಿ."

"ಹಾಗಾ," ಅಂದಳು ಅವಳು. ಕತ್ತರಿಗೆ ಸುತ್ತಿದ ಬಟ್ಟೆಯ ಗಂಟು ಬಿಗಿ ಮಾಡಿ, "ಹಾಗಿದ್ರೆ ಸರಿ," ಎಂದು ಇಳಿದು ಹೋದಳು.

ಅವನಿಗೆ ಕೈ ಕಟ್ಟಿ ಕೂರಲಾಗಲಿಲ್ಲ. ಕನ್ನಡಕ ಏರಿಸಿ, ಮಷೀನು ಹಾಕಿ, ಗಾರೆಯವನ ಉಳಿಯನ್ನು ಒರಟು ಕಲ್ಲಿಗೆ ಹಿಡಿದ. ಕಿಡಿಗಳು ಸುರಿದವು. ಅಷ್ಟರಲ್ಲಿ ಬೀಗದವನು ತನ್ನ ಗೂಡು ಬಿಟ್ಟು ಬಂದು ಮೆಟ್ಟಿಲಲ್ಲಿ ನಿಂತ. ಸೊಂಟದ ಮೇಲೆ ಕೈ.

"ಅಲ್ಲ ಕಣೋ, ಅವರು ಕೇಳಿದ್ದು ಕತ್ತರಿ ವಿಷಯ ಅಂದ್ಕೊಂಡ್ಯಾ?"

"ಮತ್ತೆ?"

"ದೇವ್ರು ವರ ಕೊಟ್ರೂ ಪೂಜಾರಿ ಬಿಡ ಅಂತಾರೆ. ನಿನ್ನ ಕತೇಲಿ ಪೂಜಾರೀನೂ ನೀನೇ ಆದ್ಯಲ್ಲೋ! ರಜ ಯಾವತ್ತು ಅಂತ ನಿಂಗ್ಯಾಕೆ ಹೇಳ್ಬೇಕಾಗಿತ್ತು ಅವರು?"

ಉಳಿ ಕಲ್ಲಿನಿಂದ ದೂರವಾಯಿತು. ಅವನು ಅವಳ ಮಾತನ್ನು ಮೊದಲಿಂದ ಒಮ್ಮೆ ಕೇಳಿಕೊಂಡ. ಭಾನುವಾರ. ಇವ್ರೇ. ಆಗಾಗ. ಆಮೇಲೆ ಹೊರಗೆ ಬಿಸಿಲೆಂದದ್ದನ್ನೂ ಕೇಳಿಕೊಂಡ. ಸ್ವಿಚ್ಚು ಆರಿಸಿದ. ಏಪ್ರನ್ನಿನ ಗಂಟು ಬಿಚ್ಚಿದ. ಕಾಲು ಮೆಟ್ಟಿಲ ತನಕ ಹೋಗಿ ಅಲ್ಲೇ ನಿಂತಿತು.

"ಹೋಗೋ!"

"ಕಲ್ಲು ನಿಂತಿಲ್ಲ."

ತಿರುಗುವ ಕಲ್ಲನ್ನು ಬಿಟ್ಟು ಅವನು ಈವರೆಗೆ ಎದ್ದು ಹೋದವನಲ್ಲ. ಸ್ವಿಚ್ಚು ಆರಿದ ಮೇಲೆ ಸದ್ದು ಮೊದಲು ಸಾಯುತ್ತದೆ, ವೇಗ ಆಮೇಲೆ. ಸದ್ದಿಲ್ಲವೆಂದು ನಂಬಿ ಕೈ ಇಟ್ಟವರ ಬೆರಳು ಹೋದದ್ದು ಆ ಹೊತ್ತಿನಲ್ಲೇ. ಕಲ್ಲಿಗೆ ಕಟ್ಟಿಗೆಯ ತುಂಡು ಒತ್ತಿ ನಿಲ್ಲಿಸಲೂ ಬಾರದು. ಬೀಗದವನು ಮೆಟ್ಟಿಲಿಂದ ಪಕ್ಕಕ್ಕೆ ಸರಿದು ನಿಂತ. ಬೇರಿಂಗಿಗೆ ಹೋದ ವಾರವಷ್ಟೇ ಸಾಣೆಯವನು ಗ್ರೀಸು ತುಂಬಿದ್ದ. ಮಷೀನು ಬೆಣ್ಣೆಯಲ್ಲಿ ತಿರುಗಿದ ಹಾಗೆ ತಿರುಗುತ್ತಲೇ ಇತ್ತು.

ಬೀದಿಯ ಕೊನೆಯಲ್ಲಿ ಯಾರೋ ತಳ್ಳುಗಾಡಿಯಿಂದ ಕಬ್ಬಿಣದ ಸರಳುಗಳನ್ನು ಇಳಿಸುತ್ತಿದ್ದರು. ದಾರಿ ಕಟ್ಟಿಹೋಗಿತ್ತು. ಅವಳು ಕತ್ತರಿಯ ಗಂಟನ್ನು ಎದೆಗೊತ್ತಿಕೊಂಡು, ಈ ಕಡೆ ಬೆನ್ನು ಮಾಡಿ, ದಾರಿ ಬಿಡುವುದನ್ನು ಕಾಯುತ್ತ ನಿಂತಿದ್ದಳು. ಅವನು ಏಪ್ರನ್ನನ್ನು ಕೈಯಲ್ಲಿ ಹಿಡಿದುಕೊಂಡೇ ಒಮ್ಮೆ ಅವಳನ್ನು ನೋಡಿದ, ಒಮ್ಮೆ ಕಲ್ಲನ್ನು. ಹೊಸ ಕಲ್ಲಿನ ಮಗ್ಗುಲಿಗೆ ಕಂಪನಿಯವರು ಒತ್ತಿದ್ದ ನೀಲಿ ಗುರುತು ಅಲ್ಲಿಯತನಕ ಒಂದು ನೀಲಿ ಮಬ್ಬಾಗಿ ಸುತ್ತಿಕೊಂಡಿತ್ತು. ಈಗ ಅದು ಬಿಡಿಬಿಡಿಯಾಗಿ ಕಾಣತೊಡಗಿತು. ಮುಚ್ಚಳದ ಅಡಿಯಿಂದ ಬಂತು, ಹೋಯಿತು. ಸ್ವಲ್ಪ ತಡೆದು ಮತ್ತೆ ಬಂತು.