ತಮ್ಮ ಅಪ್ಪಣೆಯಾದರೆ

"ಅನುಮತಿ ಅನ್ನೋ ಕಡೆ ಸ್ವಲ್ಪ ನಿಧಾನಿಸಿ," ಎಂದ ಮ್ಯಾನೇಜರ್ ಕಟುರಮು. "ಅಲ್ಲೊಂದು ನಗು ಇರಲಿ. ತುಟಿ ಮೇಲೆ ಬೇಡ, ದನಿಯಲ್ಲಿರಲಿ."

ಟೊಪಿಸ್ತಾ ಮೈಕನ್ನು ಎಡಗೈಗೆ ಬದಲಿಸಿಕೊಂಡು ಮೊದಲಿನಿಂದ ಶುರು ಮಾಡಿದಳು. ಸೋಪಿನ ಕಾರ್ಖಾನೆಯ ಊಟದ ಹಾಲ್ ಖಾಲಿಯಿತ್ತು. ನಾಳೆಯ ಪ್ರೆಸೆಂಟೇಶನ್ನಿಗೆಂದು ಬೆಂಚುಗಳನ್ನು ಗೋಡೆಗೆ ಒತ್ತರಿಸಿ ಪ್ಲಾಸ್ಟಿಕ್ ಕುರ್ಚಿಗಳನ್ನು ಸಾಲಾಗಿ ಹಾಕಿದ್ದರು. ಆ ಕುರ್ಚಿಗಳಿಗೇ ಅವಳು ಇಂಗ್ಲಿಷಿನಲ್ಲಿ ವಂದಿಸಿದಳು. ಪರಮಮಾನ್ಯ ಅತಿಥಿಗಳೇ, ನಿರ್ದೇಶಕ ಮಂಡಲಿಯ ಗೌರವಾನ್ವಿತ ಸದಸ್ಯರೇ, ಮಹನೀಯರೇ ಮತ್ತು ಮಹಿಳೆಯರೇ. ಈ ಮುಂಜಾನೆ ತಮ್ಮ ಸಮ್ಮುಖದಲ್ಲಿ ನಿಲ್ಲುವ ಸೌಭಾಗ್ಯ ನನ್ನದಾಗಿದೆ. ವಿತ್ ಯುವರ್ ಕೈಂಡ್ ಪರ್ಮಿಷನ್, ತಮ್ಮ ಕೃಪಾಪೂರ್ಣ ಅನುಮತಿಯಿದ್ದಲ್ಲಿ, ನಾವು ಆರಂಭಿಸಬಹುದೆ?

"ಬಹಳ ಚೆನ್ನಾಗಿದೆ," ಎಂದ ಕಟುರಮು.

ಚೆನ್ನಾಗಿರುತ್ತದೆಂದು ಅವಳಿಗೂ ಗೊತ್ತಿತ್ತು. ಇಗಾಂಗಾದ ನನ್‌ಗಳ ಶಾಲೆಯಲ್ಲಿ ಕಲಿತ ಇಂಗ್ಲಿಷ್ ಅದು; ಇಸ್ತ್ರಿ ಮಾಡಿ ಮಡಿಸಿಟ್ಟ ಬಟ್ಟೆಯ ಹಾಗೆ ಒಂದು ಸುಕ್ಕೂ ಇಲ್ಲದೆ ಬರುತ್ತಿತ್ತು. ಕೆಲಸಕ್ಕೆ ಅವಳು ಸಿಬ್ಬಂದಿ ಕಚೇರಿಯ ಗುಮಾಸ್ತೆ. ಆದರೆ ಬ್ಯಾಂಕಿನವರು ಬರಲಿ, ಕಂಪಾಲಾದ ವ್ಯಾಪಾರಿಗಳು ಬರಲಿ, ಜಿಂಜಾದ ಆ ಕಾರ್ಖಾನೆಯಲ್ಲಿ ಯಾವ ಪ್ರೆಸೆಂಟೇಶನ್ ಆದರೂ ಆರಂಭದ ಮಾತು ಅವಳದೇ. ಅಷ್ಟು ಹೇಳಿ ಮೂಲೆಯ ಕುರ್ಚಿಯಲ್ಲಿ ಕೂತರೆ ಮುಗಿಯಿತು, ಸೋಪಿನ ವಿಷಯ ಉಳಿದವರು ನೋಡಿಕೊಳ್ಳುತ್ತಿದ್ದರು.

ಈ ಸಲ ಹಾಗಲ್ಲ. ಕಾರ್ಖಾನೆಯನ್ನು ನೈರೋಬಿಯವರು ಕೊಂಡುಕೊಂಡಿದ್ದರು. ಅವರ ಮುಂದೆ ಕೆಲಸಗಾರರ ಪ್ರತಿನಿಧಿಗಳನ್ನೂ ಕೂರಿಸಬೇಕೆಂದು ಅಪ್ಪಣೆಯಾಗಿತ್ತು. ಕಟುರಮು ದೇಶದ ಪಶ್ಚಿಮದ ಕಡೆಯವನು, ಅವನಿಗೆ ಇಲ್ಲಿನವರ ಲುಸೋಗಾ ಭಾಷೆ ಬಾರದು. ಹಾಗಾಗಿ ಆರಂಭದ ಮಾತಷ್ಟೇ ಅಲ್ಲ, ಎಲ್ಲವನ್ನೂ ಟೊಪಿಸ್ತಾಳೇ ಲುಸೋಗಾದಲ್ಲೂ ಹೇಳಬೇಕಿತ್ತು.

ಅವನು ಹಾಲಿನ ಬಾಗಿಲು ಮುಂದೆ ಮಾಡಿ ಬಂದು ಅವಳ ಪಕ್ಕದ ಕುರ್ಚಿಯಲ್ಲಿ ಕೂತ. ನಾಳೆ ಏನು ಹೇಳಲಿದ್ದಾರೆಂಬುದನ್ನು ಅವಳಿಗೆ ಮೊದಲೇ ತಿಳಿಸುವುದು ಸೌಜನ್ಯವೆಂದು ತನಗನ್ನಿಸಿದೆ ಎಂದ. ಸೋಪು ಸುತ್ತುವ ಯಂತ್ರ ಬರುತ್ತದೆ. ಪ್ಯಾಕಿಂಗ್ ವಿಭಾಗ ತಿಂಗಳ ಕೊನೆಗೆ ಮುಚ್ಚುತ್ತದೆ. ಅಲ್ಲಿನ ಹೆಂಗಸರೆಲ್ಲ ಹೋಗುತ್ತಾರೆ. ಇದನ್ನೆಲ್ಲ ಅವನು ಹವಾಮಾನದ ವರದಿ ಓದುವವನಂತೆ ಹೇಳಿದ. ನಾಳೆಯವರೆಗೆ ಈ ಮಾತು ಅವಳಲ್ಲೇ ಇರಬೇಕು ಎಂದೂ ಸೇರಿಸಿದ.

"ಸರ್, ನನ್ನ ಅಕ್ಕ ಅಲ್ಲಿದ್ದಾಳೆ," ಎಂದಳು ಟೊಪಿಸ್ತಾ.

"ಗೊತ್ತು. ಅದಕ್ಕೇ ನೀವು ಹೇಳೋದು ಒಳ್ಳೇದು. ಅವರೆಲ್ಲ ನಿಮ್ಮನ್ನ ನಂಬ್ತಾರೆ. ಬೇರೆಯವರು ಹೇಳಿದ್ರೆ ಗಲಾಟೆಯಾಗುತ್ತೆ."

ಬೇರೆ ಯಾರಾದರೂ ಈ ಕೆಲಸ ಮಾಡಬಹುದೇ ಎಂದು ಅವಳು ಕೇಳಿದಳು. ಖಂಡಿತ ಮಾಡಬಹುದು, ಒಲ್ಲೆ ಎನ್ನುವ ಹಕ್ಕು ಅವಳಿಗಿದೆ, ತಾನು ಪೂರ್ತಿ ಅರ್ಥ ಮಾಡಿಕೊಳ್ಳುತ್ತೇನೆ ಎಂದ ಕಟುರಮು. ನೈರೋಬಿಯವರು ಹೇಗೆ ಅರ್ಥ ಮಾಡಿಕೊಳ್ಳುತ್ತಾರೋ ಅದು ಮಾತ್ರ ತನಗೆ ತಿಳಿಯದು. ಕಚೇರಿಯಲ್ಲಿ ಯಾರನ್ನು ಉಳಿಸಿಕೊಳ್ಳಬೇಕೆಂದು ಅವರಿನ್ನೂ ಯೋಚಿಸುತ್ತಿದ್ದಾರೆ. ಹೀಗೆ ಹೇಳಿ, ಅವಳು ಏಳುವುದಕ್ಕೆ ಅನುಕೂಲವಾಗಲೆಂದು ಕುರ್ಚಿಯನ್ನು ಹಿಂದಕ್ಕೆ ಸರಿಸಿಕೊಟ್ಟ.

ವಲುಕುಬಾದ ಸಾಲುಮನೆಗಳಿಗೆ ಅವಳು ತಲುಪಿದಾಗ ಇನ್ನೂ ಬಿಸಿಲಿತ್ತು. ಅಕ್ಕ ಅಂಗಳದಲ್ಲಿ ಚಾಪೆ ಹಾಸಿ, ಕೆಂಡದ ಇಸ್ತ್ರಿ ಪೆಟ್ಟಿಗೆಯಿಂದ ಟೊಪಿಸ್ತಾಳ ನೀಲಿ ಗೊಮೆಸಿಯನ್ನು ತೀಡುತ್ತಿದ್ದಳು. ಭುಜದ ಮೊನೆಗಳನ್ನು ನಿಲ್ಲಿಸುವುದೇ ಆ ಉಡುಪಿನಲ್ಲಿ ಕಷ್ಟದ ಕೆಲಸ. ಬಟ್ಟೆಗೆ ನೀರು ಚಿಮುಕಿಸುವಾಗಲೆಲ್ಲ ಅವಳು ಬೆರಳನ್ನು ಒಮ್ಮೆ ಹಿಂದಕ್ಕೆಳೆದುಕೊಳ್ಳುತ್ತಿದ್ದಳು. ಸೋಪಿನ ಕ್ಷಾರಕ್ಕೆ ಬೆರಳ ತುದಿಗಳು ಬಿರಿದಿದ್ದವು.

ಅವಳ ಹೆಸರು ಕಾರ್ಖಾನೆಯಲ್ಲಿ ಯಾರಿಗೂ ನೆನಪಿರಲಿಲ್ಲ. ಅವಳಿಗಳನ್ನು ಹೆತ್ತವಳಾದ್ದರಿಂದ ಎಲ್ಲರೂ ನಬಿರ್ಯೆ ಎಂದೇ ಕರೆಯುತ್ತಿದ್ದರು. ಆ ಹೆಸರಿಗೆ ಅಲ್ಲಿ ಒಂದು ಮರ್ಯಾದೆಯಿತ್ತು. ಜಗಳ ಬಿಡಿಸಲು, ಮದುವೆ ಮಾತಾಡಲು ನಬಿರ್ಯೆಯೇ ಬೇಕು. ತಾಯಿ ತೀರಿಕೊಂಡಾಗ ಟೊಪಿಸ್ತಾ ಇನ್ನೂ ಎದೆಹಾಲು ಬಿಟ್ಟಿರಲಿಲ್ಲ. ಅಕ್ಕನೇ ಅವಳನ್ನು ಬೆನ್ನಿಗೆ ಕಟ್ಟಿಕೊಂಡು ಬೆಳೆಸಿದ್ದಳು. ತಾನು ಶಾಲೆ ಬಿಟ್ಟು ಸೋಪು ಸುತ್ತಲು ಹೋದದ್ದನ್ನು ಅವಳು ಒಮ್ಮೆಯೂ ಎತ್ತಿ ಆಡಿರಲಿಲ್ಲ.

ನಾಳೆ ಪ್ಯಾಕಿಂಗಿನವರ ಪರವಾಗಿ ನೈರೋಬಿಯವರ ಹತ್ತಿರ ಕೈಗವಸು ಕೇಳುತ್ತೇನೆ ಎಂದಳು ನಬಿರ್ಯೆ. ಇಂಗ್ಲಿಷಿನಲ್ಲಿ ಒಂದೇ ಸಾಲು ಸಾಕಂತೆ, ಹೇಳಿಕೊಡಬೇಕಂತೆ. ಟೊಪಿಸ್ತಾ ಹೇಳಿಕೊಟ್ಟಳು. 'ಹಂಬ್ಲಿ' ಎಂಬ ಮಾತಿನ ಹತ್ತಿರ ಅಕ್ಕನ ನಾಲಗೆ ಮತ್ತೆ ಮತ್ತೆ ತೊಡರಿ, ಅವಳೇ ನಕ್ಕು, ಮತ್ತೆ ಹೇಳಿ, ಕೊನೆಗೆ ಸರಿಮಾಡಿಕೊಂಡಳು. ಗೆಣಸು ಬೇಯುತ್ತಿದ್ದ ಪಾತ್ರೆಯನ್ನು ನೋಡುವ ನೆಪದಲ್ಲಿ ಟೊಪಿಸ್ತಾ ಒಳಗೆ ಹೋಗಿ ಸುಮ್ಮನೆ ನಿಂತುಬಂದಳು.

"ಅಕ್ಕಾ, ನಾಳೆ ನೀನು ಬರದೇ ಇದ್ರೆ ಏನಾಗುತ್ತೆ? ಬೇರೆ ಯಾರನ್ನಾದ್ರೂ ಕಳಿಸು."

"ಯಾಕೆ, ನಿಂಗೆ ನಾಚಿಕೆನಾ?" ನಬಿರ್ಯೆ ಇಸ್ತ್ರಿ ಪೆಟ್ಟಿಗೆ ಎತ್ತಿ ಕೆಂಡ ಊದಿದಳು. "ಇಷ್ಟು ವರ್ಷ ಆಯ್ತು, ನೀನು ಮೈಕು ಹಿಡ್ಕೊಂಡು ಮಾತಾಡೋದನ್ನ ಒಂದಿನ ಕಣ್ಣಲ್ಲಿ ನೋಡಿಲ್ಲ ಕಣೇ ನಾನು. ಕಿಟಕಿ ಆಚೆ ನಿಂತು ಕೇಳಿದೀನಿ ಅಷ್ಟೆ. ನಾಳೆ ಮುಂದಿನ ಕುರ್ಚಿನೇ ಹಿಡೀತೀನಿ."

ಟೊಪಿಸ್ತಾ ಬಾಯಿ ತೆರೆದಳು. ಅಷ್ಟರಲ್ಲಿ ಪಕ್ಕದ ಮನೆಯವಳು ಗೊಮೆಸಿಯ ಬಣ್ಣ ನೋಡಿ ಹೊಗಳುತ್ತ ಬಂದು ಚಾಪೆಯ ತುದಿಯಲ್ಲಿ ಕೂತಳು. ಅವಳೂ ಪ್ಯಾಕಿಂಗಿನವಳೇ. ಕತ್ತಲಾಗುವವರೆಗೂ ಏಳಲಿಲ್ಲ. ಅವಳು ಎದ್ದು ಹೋದ ಮೇಲಾದರೂ ಹೇಳಬಹುದಿತ್ತು. ಟೊಪಿಸ್ತಾ ಹೇಳಲಿಲ್ಲ.

ಮರುದಿನ ಹಾಲಿನಲ್ಲಿ ನೈರೋಬಿಯಿಂದ ಬಂದ ಮೂವರು ಮುಂದಿನ ಸೋಫಾದಲ್ಲಿ ಕೂತಿದ್ದರು. ಅವರ ಹಿಂದೆ ಬಾಯ್ಲರಿನವರು, ಲಾರಿಯವರು, ಗೋದಾಮಿನವರು. ನಬಿರ್ಯೆ ಮತ್ತು ಪ್ಯಾಕಿಂಗಿನ ಕೆಲವು ಹೆಂಗಸರು ಒಂದೇ ಕಡೆ ಗುಂಪಾಗಿ, ಇಗರ್ಜಿಗೆ ಉಡುವ ಬಟ್ಟೆಯಲ್ಲಿ ಕೂತಿದ್ದರು. ಟೊಪಿಸ್ತಾ ಮೈಕು ಹಿಡಿದಾಗ ಅಕ್ಕ ಪಕ್ಕದವಳನ್ನು ಮೊಣಕೈಯಿಂದ ತಿವಿದದ್ದು ವೇದಿಕೆಗೆ ಕಾಣಿಸಿತು.

ಇಂಗ್ಲಿಷ್ ಸಲೀಸಾಗಿ ಬಂತು. ಪರಮಮಾನ್ಯರು, ಗೌರವಾನ್ವಿತರು, ಸೌಭಾಗ್ಯ, ಎಲ್ಲವೂ ತಮ್ಮ ತಮ್ಮ ಜಾಗದಲ್ಲಿ. ಅನುಮತಿಯ ಹತ್ತಿರ ಅವಳು ನಿಧಾನಿಸಿದಳು, ದನಿಯಲ್ಲಿ ನಗು ತಂದಳು. ಸೋಫಾದ ಮೇಲಿನವರು ತಲೆದೂಗಿದರು. ಇಷ್ಟು ವರ್ಷಗಳಲ್ಲಿ ಯಾರೂ ಆ ಪ್ರಶ್ನೆಗೆ ಉತ್ತರ ಕೊಟ್ಟಿರಲಿಲ್ಲ. ಅದು ಉತ್ತರ ಬೇಡುವ ಪ್ರಶ್ನೆಯೂ ಅಲ್ಲ.

ಆಮೇಲೆ ಅವಳು ಅದನ್ನೇ ಲುಸೋಗಾದಲ್ಲಿ ಹೇಳಿದಳು. ಆ ಭಾಷೆಯಲ್ಲಿ ಅವಳಿಗೆ ಅಷ್ಟು ದೊಡ್ಡ ಮಾತುಗಳು ಸಿಗಲಿಲ್ಲ. "ಅಮ್ಮಂದಿರೇ, ಅಪ್ಪಂದಿರೇ, ನೀವು ಅಪ್ಪಣೆ ಕೊಟ್ರೆ ಶುರು ಮಾಡ್ತೀವಿ," ಎಂದಷ್ಟೇ ಬಂತು.

ನಬಿರ್ಯೆ ಎದ್ದು ನಿಂತಳು. ಹಿರಿಯರು ಸೇರಿದ ಕಡೆ ಒಬ್ಬರು ಅಪ್ಪಣೆ ಕೇಳಿದರೆ ಇನ್ನೊಬ್ಬರು ಎದ್ದು ಕೊಡಬೇಕಾದ್ದು ಮರ್ಯಾದೆ. ಅವಳು ಸೋಫಾದ ಮೇಲಿದ್ದವರಿಗೆ ತಲೆಬಾಗಿ, ಆಮೇಲೆ ತಂಗಿಯ ಕಡೆ ತಿರುಗಿದಳು.

"ಕೊಟ್ಟಿದೀವಿ ಕಣಮ್ಮ. ನಾವೆಲ್ರೂ ಕೊಟ್ಟಿದೀವಿ. ನೀನು ನಮ್ಮ ಮಗು, ಧೈರ್ಯವಾಗಿ ಹೇಳು."

ಹೆಂಗಸರು ನಾಲಗೆಯಾಡಿಸಿ ಹರ್ಷದ ಉಲುಲು ಕೂಗು ಹಾಕಿದರು. ನೈರೋಬಿಯವರಲ್ಲೊಬ್ಬ ಖುಷಿಯಾಗಿ ಅದೇನೆಂದು ಕೇಳಿದ. ಕಟುರಮು ಟೊಪಿಸ್ತಾಳ ಕಡೆ ನೋಡಿದ. ನಮಗೆ ಅನುಮತಿ ಸಿಕ್ಕಿದೆ ಎಂದಳು ಅವಳು ಇಂಗ್ಲಿಷಿನಲ್ಲಿ. ಸೋಫಾದಿಂದ ಚಪ್ಪಾಳೆ ಬಂತು.

ಈಗ ಅವಳು ಮೈಕನ್ನು ಕಟುರಮುವಿಗೆ ಕೊಡಬೇಕಿತ್ತು. ಕೊಡಲಿಲ್ಲ. ಹಾಲಿನಲ್ಲಿ ಅವಳ ಎರಡು ಭಾಷೆಗಳೂ ಒಟ್ಟಿಗೆ ಬರುವವರು ಹೆಚ್ಚಿರಲಿಲ್ಲ, ಕಟುರಮುವಿಗಂತೂ ಲುಸೋಗಾ ಒಂದಕ್ಷರ ತಿಳಿಯದು. ಅವಳು ಲುಸೋಗಾದಲ್ಲಿ ಮತ್ತೆ ಶುರುಮಾಡಿದಳು.

"ಅಕ್ಕಾ, ಅಮ್ಮಂದಿರೇ, ಯೋಚನೆ ಮಾಡಿ ಹೇಳಿ. ಅವರು ಏನು ಹೇಳೋಕೆ ಬಂದಿದಾರೋ ನೀವಿನ್ನೂ ಕೇಳಿಲ್ಲ. ಬೇಡ ಅನ್ನೋರು ಬೇಡ ಅನ್ನಬಹುದು. ನಾನು ಇನ್ನೊಂದು ಸಲ ಕೇಳ್ತಿದೀನಿ. ಅಪ್ಪಣೆ ಇದೆಯಾ?"

ಗೋದಾಮಿನ ಮುದುಕನೊಬ್ಬ ನಕ್ಕ. ಹೆಂಗಸರೂ ನಕ್ಕರು. ಇಷ್ಟು ವಿನಯವಂತೆಯನ್ನು ಬೆಳೆಸಿದ ಹೆಮ್ಮೆ ನಬಿರ್ಯೆಯ ಮುಖದ ಮೇಲಿತ್ತು.

"ನೋಡಿದ್ರಾ, ಎರಡು ಸಲ ಕೇಳ್ತಾಳೆ," ಎಂದಳು ಅವಳು ಸುತ್ತಲಿನವರಿಗೆ. ಆಮೇಲೆ ತಂಗಿಗೆ, "ಕೊಟ್ಟಾಯ್ತಲ್ಲಮ್ಮ. ಬಂದೋರನ್ನ ಕಾಯಿಸಬಾರ್ದು."

ಕಟುರಮು ಪಕ್ಕಕ್ಕೆ ಬಂದು ನಿಂತಿದ್ದ. ಅವನ ಕೈ ಮೈಕಿಗಾಗಿ ಚಾಚಿತ್ತು, ತೀರಾ ಸೌಮ್ಯವಾಗಿ, ಕುರ್ಚಿ ಸರಿಸಿಕೊಟ್ಟ ಹಾಗೆಯೇ. ಟೊಪಿಸ್ತಾ ಅದನ್ನು ಅವನ ಕೈಯಲ್ಲಿಟ್ಟಳು.

ಪರದೆಯ ಮೇಲೆ ಚಿತ್ರಗಳು ಬಂದವು. ಕಟುರಮು ಒಂದೊಂದು ಮಾತು ಹೇಳಿ ಅವಳ ಕಡೆ ನೋಡುತ್ತಿದ್ದ, ಅವಳು ಅದನ್ನು ಲುಸೋಗಾಕ್ಕೆ ತರುತ್ತಿದ್ದಳು. ಯಂತ್ರದ ಚಿತ್ರ ಕಂಡು ಹೆಂಗಸರು ಅಚ್ಚರಿಪಟ್ಟರು. ಪ್ಯಾಕಿಂಗ್ ವಿಭಾಗವನ್ನು ಕಂಪನಿ ಹೃತ್ಪೂರ್ವಕ ಕೃತಜ್ಞತೆಯೊಂದಿಗೆ ಬಿಡುಗಡೆ ಮಾಡಲಿದೆ ಎಂದ ಕಟುರಮು. ಕಂಪನಿಯವರು ನಿಮಗೆ ತುಂಬಾ ಥ್ಯಾಂಕ್ಸ್ ಹೇಳಿ ಬಿಟ್ಟುಬಿಡ್ತಾರಂತೆ ಎಂದಳು ಟೊಪಿಸ್ತಾ.

"ಇವತ್ತು ಬೇಗ ಬಿಡ್ತಾರಾ?" ಎಂದು ಹಿಂದಿನಿಂದ ಒಬ್ಬಳು ಕೇಳಿದಳು. "ಊಟ ಆದ ತಕ್ಷಣಾನಾ?" ಇನ್ನೊಬ್ಬಳು ಆಗಲೇ ಚೀಲ ಎತ್ತಿ ತೊಡೆಯ ಮೇಲಿಟ್ಟುಕೊಂಡಳು.

ಅವರೇನು ಕೇಳುತ್ತಿದ್ದಾರೆ ಎಂದ ಕಟುರಮು. ಟೊಪಿಸ್ತಾ ಹೆಂಗಸರ ಕಡೆಗೇ ತಿರುಗಿದಳು.

"ಇವತ್ತಲ್ಲ," ಎಂದಳು ಅವಳು ಲುಸೋಗಾದಲ್ಲಿ. "ತಿಂಗಳ ಕೊನೆಗೆ. ಆಮೇಲೆ ಬರೋದು ಬೇಡ. ನಿಮ್ಮ ಕೆಲಸ ಯಂತ್ರ ಮಾಡುತ್ತೆ."

ಗಲಾಟೆಯಾಗಲಿಲ್ಲ. ಚೀಲ ಎತ್ತಿದವಳು ಅದನ್ನು ಹಾಗೇ ಅಪ್ಪಿಕೊಂಡು ಕೂತಳು. ಮುಂದಿನ ಮಾತುಗಳೆಲ್ಲ ಪರಿಹಾರ, ಪ್ರಮಾಣಪತ್ರ, ಶುಭಹಾರೈಕೆ. ಟೊಪಿಸ್ತಾ ಎಲ್ಲವನ್ನೂ ಹೇಳುತ್ತ ಹೋದಳು. ಕೊನೆಯಲ್ಲಿ ಕಟುರಮು ವಂದನೆ ಹೇಳಿದ. ಕೆಲಸಗಾರರ ಪರವಾಗಿ ಎದ್ದು ನಿಂತು ಈ ಕಾರ್ಯಕ್ರಮಕ್ಕೆ ಇಷ್ಟು ಘನತೆಯಿಂದ ಅನುಮತಿ ನೀಡಿದ ಹಿರಿಯ ಮಹಿಳೆಗೆ ಕಂಪನಿ ವಿಶೇಷವಾಗಿ ಋಣಿಯಾಗಿದೆ ಎಂದ. ಅದನ್ನೂ ಅವಳು ಲುಸೋಗಾದಲ್ಲಿ ಹೇಳಬೇಕಾಯಿತು. ಹೇಳುವಾಗ ಅವಳು ಪ್ರೊಜೆಕ್ಟರಿನ ಬೆಳಕಿಗೆ ಮುಖ ಕೊಟ್ಟಿದ್ದರಿಂದ ಅಕ್ಕನ ಮುಖ ಕಾಣಲಿಲ್ಲ. ಪ್ರಶ್ನೆಗಳಿವೆಯೇ ಎಂದು ಕೇಳಿದಾಗ ಯಾರೂ ಏಳಲಿಲ್ಲ.

ಆ ಸಂಜೆ ನಬಿರ್ಯೆ ಒಬ್ಬಳೇ ನಡೆದು ಮನೆಗೆ ಬಂದಳು. ದಿನವೂ ಅವಳ ಸುತ್ತ ಒಂದು ಗುಂಪಿರುತ್ತಿತ್ತು. ದಾರಿಯಲ್ಲಿ ಯಾರೋ ಕೇಳಿದ್ದರಂತೆ, ನಮ್ಮೆಲ್ಲರ ಹೆಸರಲ್ಲಿ ಅಪ್ಪಣೆ ಕೊಡು ಅಂತ ನಿನಗೆ ಯಾರು ಹೇಳಿದ್ದು ಎಂದು. ಅಕ್ಕ ತಂಗಿ ಸೇರಿ ಮೊದಲೇ ಮಾತಾಡಿಕೊಂಡಿದ್ದಿರಾ ಎಂದೂ ಒಬ್ಬಳು ಕೇಳಿದ್ದಳಂತೆ. ಇದನ್ನೆಲ್ಲ ನಬಿರ್ಯೆ ದೂರಿನ ಹಾಗೆ ಹೇಳಲಿಲ್ಲ. ಬೆರಳುಗಳಿಗೆ ವ್ಯಾಸಲೀನ್ ಸವರಿಕೊಳ್ಳುತ್ತ, ನಡೆದದ್ದನ್ನು ನಡೆದ ಹಾಗೆ ಹೇಳಿದಳು.

"ನಿಂಗೆ ಗೊತ್ತಿತ್ತಾ?"

"ಗೊತ್ತಿತ್ತು ಅಕ್ಕಾ."

ನಬಿರ್ಯೆ ಡಬ್ಬಿಯ ಮುಚ್ಚಳ ತಿರುಗಿಸಿ ಬಿಗಿ ಮಾಡಿದಳು.

"ಅದಕ್ಕೇ ನೀನು ಎರಡು ಸಲ ಕೇಳಿದ್ದು," ಎಂದಳು.

ಮತ್ತೆ ಆ ವಿಷಯ ಎತ್ತಲಿಲ್ಲ. ತಿಂಗಳು ಕಳೆದ ಮೇಲೆ ಚಾಪೆ, ಪಾತ್ರೆಗಳನ್ನು ಕಟ್ಟಿಕೊಂಡು ಸರೋವರದ ದಡದ ಮಸೆಸೆಗೆ ಹೊರಟುಹೋದಳು. ಅವಳಿ ಮಕ್ಕಳಿಬ್ಬರೂ ಅಲ್ಲಿ ದೋಣಿ ಕೆಲಸಕ್ಕಿದ್ದರು. ಪ್ಯಾಕಿಂಗಿನ ಹೆಂಗಸರಲ್ಲಿ ಕೆಲವರು ಅವಳನ್ನು ಈಗ ನಬಿರ್ಯೆ ಎನ್ನುತ್ತಿರಲಿಲ್ಲ. ಅಪ್ಪಣೆ ಕೊಟ್ಟವಳು ಎನ್ನುತ್ತಿದ್ದರು. ಟೊಪಿಸ್ತಾಳಿಗೆ ಸಿಬ್ಬಂದಿ ಅಧಿಕಾರಿಯ ಹುದ್ದೆ ಸಿಕ್ಕಿತು, ಬಾಗಿಲ ಮೇಲೆ ಹೆಸರಿನ ಫಲಕ ಬಂತು. ನೈರೋಬಿಯಲ್ಲೂ ಒಂದು ಸಮ್ಮೇಳನವನ್ನು ಆರಂಭಿಸಿಕೊಡಬೇಕೆಂದು ಕರೆ ಬಂತು. ಅವಳು ಹೋಗಿ ಆರಂಭಿಸಿಕೊಟ್ಟು ಬಂದಳು.

ಒಂದು ಶನಿವಾರ ಅವಳು ಬಾಡಿಗೆಯ ಬೊಡಾಬೊಡಾ ಬೈಕು ಹಿಡಿದು ಮಸೆಸೆಗೆ ಹೋದಳು. ದಡದುದ್ದಕ್ಕೂ ಬಲೆ ಹಾಸಿ ಮುಕೇನೆ ಮೀನು ಒಣಹಾಕಿದ್ದರು. ಬೆರಳುದ್ದದ ಆ ಮೀನುಗಳು ಬಿಸಿಲಿಗೆ ಕಣ್ಣು ಕೋರೈಸುತ್ತಿದ್ದವು. ನಬಿರ್ಯೆ ಸೊಂಟಕ್ಕೆ ಬಟ್ಟೆ ಬಿಗಿದುಕೊಂಡು, ಕಡ್ಡಿಪೊರಕೆಯಿಂದ ಅವನ್ನು ಮಗುಚುತ್ತಿದ್ದಳು. ಟೊಪಿಸ್ತಾ ಕಚೇರಿಯ ಚಪ್ಪಲಿ ಬಿಟ್ಟು, ಹಿರಿಯರೆದುರಿನ ಪದ್ಧತಿಯಂತೆ ಮರಳಿನ ಮೇಲೆ ಮಂಡಿಯೂರಿ ಕ್ಷೇಮ ಕೇಳಿದಳು. ಅಕ್ಕ ಕ್ಷೇಮ ಎಂದಳು. ಮನೆಯವರು ಹೇಗಿದ್ದಾರೆ ಎಂದರೆ ಚೆನ್ನಾಗಿದ್ದಾರೆ ಎಂದಳು. ಮಕ್ಕಳು, ದೋಣಿ, ಸರೋವರ, ಒಂದನ್ನೂ ಬಿಡದೆ ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟಳು. ತಿರುಗಿ ಟೊಪಿಸ್ತಾಳ ಕೆಲಸ, ಆರೋಗ್ಯ ಎಲ್ಲ ವಿಚಾರಿಸಿದಳು. ಎಲ್ಲಿಯೂ ಒಂದು ಮಾತು ಕಡಿಮೆಯಾಗಲಿಲ್ಲ.

ಕೊನೆಗೆ ಹಿರಿಯರು ಹೇಳಬೇಕಾದ 'ಏಳು' ಎಂಬ ಮಾತನ್ನು ಮಾತ್ರ ಹೇಳಲಿಲ್ಲ. ಪೊರಕೆ ಹಿಡಿದು ಬಲೆಯ ಮುಂದಿನ ಪಾಲಿಗೆ ಸರಿದಳು. ಟೊಪಿಸ್ತಾಳ ಮಂಡಿಯ ಕೆಳಗೆ ಮರಳು ಸುಡುತ್ತಿತ್ತು. ಒಂದು ಕೊಕ್ಕರೆ ಬಲೆಯ ಅಂಚಿಗೆ ಬಂದು ನಿಂತು, ಇಬ್ಬರನ್ನೂ ನೋಡಿ, ಒಂದು ಮೀನು ಎತ್ತಿಕೊಂಡು ಹೋಯಿತು.