ಗುಬ್ಬಿಯ ಸೀಟು, ದೊಡ್ಡಪ್ಪನ ಸಾಕ್ಷಿ

ಮಂಗಳವಾರ ಬೆಳಿಗ್ಗೆ ಹನ್ನೊಂದು ಗಂಟೆ ಇಪ್ಪತ್ತು ನಿಮಿಷಕ್ಕೆ ಲಾಂಡ್ರಿಯ ಮಾಲೀಕರು ಫೋನಿನಲ್ಲಿ ನಾಲ್ಕು ನಿಮಿಷ ಮಾತಾಡಿ ತಮ್ಮನ ಮಗಳ ಎಂಬಿಎ ಸೀಟಿಗೆ ಕಲ್ಲು ಹಾಕಿದರು. ಹಾಕಿದ್ದು ಅವರಿಗೆ ಗೊತ್ತಾಗಲಿಲ್ಲ. ಮಾತು ಮರ್ಯಾದೆಯಾಗಿ ಮುಗಿಯಿತೆಂಬ ಸಮಾಧಾನದಲ್ಲಿ ಎರಡನೇ ಲೋಟ ಚಹಾ ತರಿಸಿಕೊಂಡರು.

ತಮ್ಮನ ಮಗಳಿಗೆ ಇಪ್ಪತ್ತೊಂಬತ್ತು ವರ್ಷ. ಎತ್ತರ ಐದು ಅಡಿ ಒಂಬತ್ತು ಅಂಗುಲ. ಆದರೂ ಮನೆಯಲ್ಲೂ ಲಾಂಡ್ರಿಯಲ್ಲೂ ಅವಳನ್ನು ಕರೆಯುವುದು ಗುಬ್ಬಿ ಎಂದೇ. ಹುಟ್ಟಿದಾಗ ಒಂದೂಮುಕ್ಕಾಲು ಕಿಲೋ ಇದ್ದ ಕೂಸಿಗೆ ದೊಡ್ಡಪ್ಪ ಇಟ್ಟ ಹೆಸರು ಅದು. ಅಪ್ಪ ಅಮ್ಮ ಇಬ್ಬರದೂ ವರ್ಗಾವಣೆಯ ಕೆಲಸವಾದ್ದರಿಂದ ಅವಳು ಶಾಲೆಗೆ ಹೋದದ್ದು, ಬೆಳೆದದ್ದು ಎಲ್ಲ ದೊಡ್ಡಪ್ಪ ದೊಡ್ಡಮ್ಮನ ಮನೆಯಿಂದ. ಈಗ ಐದು ವರ್ಷದಿಂದ ಲಾಂಡ್ರಿಯ ಮ್ಯಾನೇಜರು.

ಮೂರು ಆಸ್ಪತ್ರೆಗಳ ಬಟ್ಟೆ ಅಲ್ಲಿಗೆ ಬರುತ್ತದೆ. ಬೆಡ್‌ಶೀಟು, ದಿಂಬಿನ ಚೀಲ, ಆಪರೇಷನ್ ಕೋಣೆಯ ಹಸಿರು ಗೌನು, ಎಲ್ಲ ಸೇರಿ ದಿನಕ್ಕೆ ಐದು ಸಾವಿರದ ಇನ್ನೂರರಷ್ಟು. ಹಿಂದಿನ ಬಾಗಿಲಿಂದ ಕೊಳೆಯಾಗಿ ಬಂದು, ವಿಂಗಡಣೆಯ ಕೋಣೆ, ಆರು ವಾಷಿಂಗ್ ಮೆಷಿನ್ನು, ಎರಡು ಇಸ್ತ್ರಿ ರೋಲರು, ಮಡಚುವ ಮೇಜು ದಾಟಿ ಮುಂದಿನ ಬಾಗಿಲಿಂದ ವ್ಯಾನು ಹತ್ತುತ್ತದೆ. ಮಡಚುವ ಮೇಜು ದೊಡ್ಡಮ್ಮನ ರಾಜ್ಯ.

ಗುಬ್ಬಿ ಅರ್ಜಿ ಹಾಕಿದ್ದ ಬಿಸಿನೆಸ್ ಸ್ಕೂಲಿಗೆ ಆ ವರ್ಷ ಹನ್ನೊಂದು ಸಾವಿರ ಜನ ಅರ್ಜಿ ಹಾಕಿದ್ದರು. ಸೀಟು ಇನ್ನೂರ ನಲವತ್ತು. ಅವಳು ಪ್ರವೇಶ ಪರೀಕ್ಷೆಯನ್ನು ಎರಡು ವರ್ಷ ಬರೆದಿದ್ದಳು. ಎರಡನೇ ಸಲ ಸಂದರ್ಶನಕ್ಕೆ ಕರೆ ಬಂದು, ಅದೂ ಮುಗಿದು, ಮೂರು ವಾರದ ಹಿಂದೆ ಪತ್ರ ಬಂದಿತ್ತು: ನಿಮ್ಮನ್ನು ಆಯ್ಕೆ ಮಾಡಿದ್ದೇವೆ, ಅರ್ಜಿಯಲ್ಲಿ ಬರೆದದ್ದೆಲ್ಲ ನಿಜವೆಂದು ನಮ್ಮ ಪರಿಶೀಲಕರು ಖಚಿತಪಡಿಸಿಕೊಂಡ ಮೇಲೆ ಸೀಟು ನಿಮ್ಮದು. ಬರೆದದ್ದೆಲ್ಲ ನಿಜವೇ ಆಗಿತ್ತು. ಗುಬ್ಬಿ ನಿಶ್ಚಿಂತೆಯಿಂದ ಇದ್ದಳು.

ಮಂಗಳವಾರದ ಫೋನು ಆ ಪರಿಶೀಲಕಿಯದು. ಅವರು ಕೇಳಿದ್ದು ಮೂರೇ ಪ್ರಶ್ನೆ.

"ಇಡೀ ಲಾಂಡ್ರಿಯ ಉಸ್ತುವಾರಿ ಇವರದೇನಾ ಸರ್?"

"ಅಯ್ಯೋ, ಅವಳೇನು ಉಸ್ತುವಾರಿ ಬಿಡಿ ಮೇಡಂ. ಇನ್ನೂ ಮಗು. ಮನೆ ಹುಡುಗಿ, ಏನೋ ಬಂದು ಹೋಗಿ ಮಾಡ್ತಾಳೆ."

"ನಲವತ್ತಾರು ಜನರನ್ನ ನೋಡ್ಕೋತಾರೆ ಅಂತ ಬರೆದಿದಾರೆ."

"ಅವರೆಲ್ಲ ಹಳಬರು. ಅವರವರ ಪಾಡಿಗೆ ಕೆಲಸ ಮಾಡ್ಕೊಂಡು ಹೋಗ್ತಾರೆ."

"ಬೆಡ್‌ಶೀಟ್ ಕಳೆದುಹೋಗೋದನ್ನ ಕಡಿಮೆ ಮಾಡಿದ್ದು?"

"ಅದಾ? ಏನೋ ದಾರ ಗೀರ ಹೊಲಿಸಿದ್ಲು. ನಡೀತಾ ಇದೆ, ಪರವಾಗಿಲ್ಲ."

ದೊಡ್ಡಪ್ಪನ ಪ್ರಕಾರ ಇದು ಒಳ್ಳೆಯ ಮಾತು. ಅವರ ಮನೆತನದಲ್ಲಿ ಮನೆಯವರನ್ನು ಹೊರಗಿನವರ ಮುಂದೆ ಹೊಗಳುವುದೆಂದರೆ ಬನಿಯನ್ನಿನಲ್ಲಿ ಬಾಗಿಲಿಗೆ ಬಂದು ನಿಂತ ಹಾಗೆ. ಹೊರಗಿನವರು ಹೊಗಳಿದರೆ ತಕ್ಷಣ ತಗ್ಗಿಸಿ ಹೇಳಬೇಕು, ಅವರು ಇನ್ನಷ್ಟು ಹೊಗಳುತ್ತಾರೆ, ಮತ್ತೆ ತಗ್ಗಿಸಬೇಕು. ಒಮ್ಮೆ ಆರೋಗ್ಯ ಇಲಾಖೆಯ ಅಧಿಕಾರಿ "ಇಷ್ಟು ಚೊಕ್ಕಟವಾದ ಲಾಂಡ್ರಿ ನೋಡಿಲ್ಲ" ಅಂದಾಗ ದೊಡ್ಡಪ್ಪ, "ಮೂಲೆಮೂಲೇಲಿ ನೋಡಿ ಸರ್, ಆಗ ಗೊತ್ತಾಗತ್ತೆ" ಅಂದಿದ್ದರು. ಅಧಿಕಾರಿ ನಿಜವಾಗಿಯೂ ಮೂಲೆಮೂಲೆಯಲ್ಲಿ ನೋಡುತ್ತ ಇನ್ನೂ ಒಂದು ಗಂಟೆ ಉಳಿದರು.

ಪರಿಶೀಲಕಿಗೆ ಈ ಆಟದ ನಿಯಮ ಗೊತ್ತಿರಲಿಲ್ಲ. ಹೇಳಿದ್ದನ್ನು ಹೇಳಿದ ಹಾಗೆ ಬರೆದುಕೊಳ್ಳುವುದು ಅವರ ಕೆಲಸ; ಬರೆದುಕೊಂಡರು.

ಬುಧವಾರ ಒಂಬತ್ತು ಗಂಟೆ ಐದು ನಿಮಿಷಕ್ಕೆ ಗುಬ್ಬಿಗೆ ಇಮೇಲ್ ಬಂತು. ಅವಳು ವಿಂಗಡಣೆಯ ಕೋಣೆಯಲ್ಲಿದ್ದಳು. ಕೈಗವಸು ಕಳಚಿ ಓದಿದಳು. ನಿಮ್ಮ ಅರ್ಜಿಗೂ ನಿಮ್ಮ ಮಾಲೀಕರ ಹೇಳಿಕೆಗೂ ಮೂರು ಕಡೆ ತಾಳೆಯಾಗುತ್ತಿಲ್ಲ. ಶುಕ್ರವಾರ ಸಂಜೆ ಐದರೊಳಗೆ ಸರಿಹೋಗದಿದ್ದರೆ ಆಯ್ಕೆ ರದ್ದಾಗುತ್ತದೆ. ಎರಡು ಸಲ ಓದಿ, ಮೆಷಿನ್ನುಗಳ ನಡುವೆ ಹಾದು ದೊಡ್ಡಪ್ಪನ ಕೋಣೆಗೆ ಹೋದಳು. ದೊಡ್ಡಮ್ಮ ಆಗ ತಾನೆ ತಿಂಡಿಯ ಡಬ್ಬಿ ತಂದಿಟ್ಟಿದ್ದರು.

"ದೊಡ್ಡಪ್ಪ, ನಿನ್ನೆ ಸ್ಕೂಲಿಂದ ಫೋನ್ ಬಂದಿತ್ತಾ?"

"ಹೂಂ, ಬಂದಿತ್ತು. ಚೆನ್ನಾಗಿ ಮಾತಾಡಿದೆ ಕಣೇ. ನಿನ್ನ ಬಗ್ಗೆ ಒಂದೇ ಒಂದು ದೊಡ್ಡ ಮಾತು ಆಡ್ಲಿಲ್ಲ. ಜಂಬದ ಜನ ಅಂತ ಅಂದ್ಕೋಬಾರದು ನೋಡು."

ಗುಬ್ಬಿ ಫೋನನ್ನು ಅವರ ಮುಂದೆ ಹಿಡಿದಳು. ಅವರು ಕನ್ನಡಕ ಹಾಕಿಕೊಂಡು ಓದಿದರು. ಓದುತ್ತ ಅವರ ಮುಖ ಸಣ್ಣಗಾಗಿದ್ದನ್ನು ದೊಡ್ಡಮ್ಮ ನೋಡಿದರು, ನೋಡಿಯೂ ಬಿಡಲಿಲ್ಲ.

"ಮೂವತ್ತನಾಲ್ಕು ವರ್ಷದಿಂದ ನನ್ನ ಅಡಿಗೇನ 'ಪರವಾಗಿಲ್ಲ' ಅಂತಾನೇ ಮೂರು ಸಲ ಬಡಿಸ್ಕೊಂಡು ತಿಂತಿದಾರೆ. ಇವರ ಬಾಯಿಂದ ನಿನಗೆ ಸರ್ಟಿಫಿಕೇಟ್ ಬೇರೆ!"

"ನೀನು ಸುಮ್ನಿರು. ಆ ಮೇಡಂಗೆ ಅರ್ಥ ಆಗತ್ತೆ ಅಂದ್ಕೊಂಡೆ. ದೊಡ್ಡ ಸ್ಕೂಲಿನವರು ಅಲ್ವಾ?"

"ಅರ್ಥ ಆಗಿದೆ. ನೀವು ಹೇಳಿದ್ದೇ ಅರ್ಥ ಆಗಿರೋದು." ದೊಡ್ಡಮ್ಮ ಡಬ್ಬಿಯ ಮುಚ್ಚಳ ತೆಗೆಯುತ್ತಿದ್ದವರು ನಿಲ್ಲಿಸಿದರು. "ಒಂದು ಕೇಳ್ತೀನಿ, ನಿಜ ಹೇಳಿ. ಇವಳು ಹೋಗ್ಬಿಡ್ತಾಳೆ ಅಂತ ಹಂಗಂದ್ರಾ?"

ಆ ಪ್ರಶ್ನೆ ಇಮೇಲ್ ಓದಿದ ಕೂಡಲೇ ಗುಬ್ಬಿಯ ತಲೆಯಲ್ಲೂ ಬಂದಿತ್ತು. ಬಂದದ್ದಕ್ಕೆ ಅವಳಿಗೆ ನಾಚಿಕೆಯಾಗಿತ್ತು. ಈಗ ಅವಳು ದೊಡ್ಡಪ್ಪನ ಮುಖ ನೋಡದೆ ಗೋಡೆಯ ಪಾಳಿ ಪಟ್ಟಿಯನ್ನು ನೋಡಿದಳು.

ದೊಡ್ಡಪ್ಪ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಎರಡು ವರ್ಷಾನೂ ಪರೀಕ್ಷೆಗೆ ಕರ್ಕೊಂಡು ಹೋಗಿ, ಗೇಟಿನ ಹೊರಗೆ ನಾಲ್ಕು ಗಂಟೆ ವ್ಯಾನಲ್ಲಿ ಕೂತಿದ್ದವನು ನಾನು. ನೀರು ಕುಡಿದ್ರೆ ಒಂದಕ್ಕೆ ಹೋಗ್ಬೇಕಾಗತ್ತೆ, ಇವಳು ಹೊರಗೆ ಬಂದಾಗ ನಾನು ಇರಲ್ಲ ಅಂತ ನೀರೂ ಕುಡೀಲಿಲ್ಲ. ಬೇಕಾದ್ರೆ ಡ್ರೈವರನ್ನ ಕೇಳು."

ಯಾರೂ ಡ್ರೈವರನ್ನು ಕೇಳಲಿಲ್ಲ. ದೊಡ್ಡಮ್ಮ ತಟ್ಟೆಗೆ ತಿಂಡಿ ಹಾಕಿ ಅವರ ಮುಂದೆ ಸರಿಸಿದರು. ಅದು ಕ್ಷಮೆ ಕೇಳುವ ಅವರ ರೀತಿ.

ಗುಬ್ಬಿ ಅವತ್ತೇ ಐದು ವರ್ಷದ ಪಾಳಿ ಪಟ್ಟಿಗಳನ್ನು, ಆಸ್ಪತ್ರೆಗಳ ಪತ್ರಗಳನ್ನು ಸ್ಕ್ಯಾನ್ ಮಾಡಿ ಕಳಿಸಿದಳು. ಸ್ಕೂಲಿನಿಂದ ಉತ್ತರ ಬಂತು: ದಾಖಲೆ ಸೇರಿಸಿಕೊಂಡಿದ್ದೇವೆ, ಆದರೂ ಮಾಲೀಕರ ಜೊತೆ ಇನ್ನೊಮ್ಮೆ ಮಾತಾಡಬೇಕು, ಗುರುವಾರ ಮಧ್ಯಾಹ್ನ ಮೂರಕ್ಕೆ, ಆಗ ಅಭ್ಯರ್ಥಿ ಕೋಣೆಯಲ್ಲಿ ಇರಬಾರದು.

ಬುಧವಾರ ಸಂಜೆ ಮನೆಯಲ್ಲಿ ತಾಲೀಮು ನಡೆಯಿತು. ದೊಡ್ಡಮ್ಮ ಪರಿಶೀಲಕಿಯಾದರು.

"ಹೇಳಿ ಸರ್, ನಿಮ್ಮ ಗುಬ್ಬಿ ಕೆಲಸ ಹೇಗೆ?"

"ಅವಳು... ಕೆಲಸ... ತುಂಬಾ..." ದೊಡ್ಡಪ್ಪ ಗಂಟಲು ಸರಿಮಾಡಿಕೊಂಡರು. "ಪರವಾಗಿಲ್ಲ."

"ಹೋಯ್ತು ಸೀಟು," ಅಂದರು ದೊಡ್ಡಮ್ಮ.

ಗುಬ್ಬಿ ಒಂದು ಹಾಳೆಯಲ್ಲಿ ನಾಲ್ಕು ಸಾಲು ಬರೆದುಕೊಟ್ಟಳು. 'ಅತ್ಯಂತ ದಕ್ಷ' ಎಂಬಲ್ಲಿಗೆ ಬಂದಾಗ ದೊಡ್ಡಪ್ಪನ ಕಿವಿ ಕೆಂಪಾಯಿತು. ಮೂರು ಸಲ ಪ್ರಯತ್ನಿಸಿ ಹಾಳೆ ಕೆಳಗಿಟ್ಟರು.

"ನನ್ನ ಕೈಲಿ ಆಗಲ್ಲ ಕಣೇ. ಇದೆಲ್ಲ ನಿಜ. ಆದ್ರೆ ನಾನು ಹೇಳಿದ್ರೆ ಸುಳ್ಳಿನ ಹಾಗೆ ಕೇಳ್ಸತ್ತೆ."

"ಬಿಡಿ ದೊಡ್ಡಪ್ಪ. ಕೇಳಿದ್ದಕ್ಕೆ ಹೌದು ಅಂದ್ರೆ ಸಾಕು."

ಅವಳು ಹಾಗೆ ಹೇಳಿದಳೇ ಹೊರತು, ಹೌದು ಎನ್ನುವುದೂ ಅವರಿಗೆ ಸುಲಭವಲ್ಲವೆಂದು ಗೊತ್ತಿತ್ತು.

ಗುರುವಾರ ಮೂರು ಗಂಟೆಗೆ ಸರಿಯಾಗಿ ಫೋನ್ ಬಂತು. ದೊಡ್ಡಪ್ಪನಿಗೆ ಒಂದು ಕಿವಿ ಮಂದ. ಸ್ಪೀಕರ್ ಹಾಕಿಯೇ ಮಾತಾಡುವುದು. ಕೋಣೆಯ ಗೋಡೆ ಬರೀ ಪ್ಲೈವುಡ್ಡು. ಗುಬ್ಬಿ ಆಚೆ ಬದಿ ಮಡಚುವ ಮೇಜಿನ ಹತ್ತಿರ ನಿಂತಿದ್ದಳು. ದೊಡ್ಡಮ್ಮ ರೋಲರಿನವನಿಗೆ ಕೈಸನ್ನೆ ಮಾಡಿ ಮೆಷಿನ್ನು ನಿಲ್ಲಿಸಿದರು. ಮಾತು ಸ್ಪಷ್ಟವಾಗಿ ಕೇಳಿಸಿತು.

"ಮತ್ತೆ ಅದನ್ನೇ ಕೇಳ್ತಾ ಇದೀನಿ ಸರ್. ಉಸ್ತುವಾರಿ ಅವರದೇನಾ?"

"ಅದು... ಏನೋ ಮೇಡಂ, ಎಲ್ಲರೂ ಸೇರಿ..."

ದೊಡ್ಡಮ್ಮ ಹಣೆ ಚಚ್ಚಿಕೊಂಡರು.

"ಹಾಗಾದ್ರೆ ಅರ್ಜೀಲಿ ಅವರು ಸುಳ್ಳು ಬರೆದಿದಾರೆ ಅಂತ ಬರ್ಕೊಳ್ಳಲಾ?"

ಒಳಗೆ ಕುರ್ಚಿ ಸರಿದ ಸದ್ದಾಯಿತು.

"ಸುಳ್ಳಾ? ಯಾರು ಹೇಳಿದ್ದು ಸುಳ್ಳು ಅಂತ?"

"ನೀವೇ ಸರ್, ಮಂಗಳವಾರ."

"ನೋಡಿ ಮೇಡಂ, ಹೊಗಳೋಕೆ ನನಗೆ ಬರಲ್ಲ. ಅವಳ ಮೇಲೆ ನನಗೆ ದೂರು ಇದೆ. ದೂರು ಬರ್ಕೋತೀರಾ?"

"ಹೇಳಿ."

"ಇಪ್ಪತ್ತೆರಡು ವರ್ಷ ಈ ಗೇಟನ್ನ ಬೆಳಿಗ್ಗೆ ಐದಕ್ಕೆ ತೆಗೆದವನು ನಾನು. ಯಾರಿಗೆ ರಜಾ ಬೇಕಿದ್ರೂ ನನ್ನ ಮುಂದೆ ಬಂದು ತಲೆ ಕೆರ್ಕೊಂಡು ನಿಲ್ತಿದ್ರು. ಈಗ ಹದಿನೈದು ದಿನದ ಶಿಫ್ಟು ಮುಂಚೇನೇ ಬರೆದು ಗೋಡೆಗೆ ಹೊಡೀತಾಳೆ. ರಜಾ ಕೇಳೋದು ಅವಳನ್ನ. ನಾನು ಏನಾದ್ರೂ ಹೇಳಿದ್ರೆ 'ಗುಬ್ಬಿ ಅಕ್ಕನ್ನ ಕೇಳಿ ಹೇಳ್ತೀನಿ' ಅಂತಾರೆ. ನನ್ನ ಲಾಂಡ್ರೀಲಿ ನನಗೆ! ಬರ್ಕೊಂಡ್ರಾ?"

"ಬರ್ಕೋತಾ ಇದೀನಿ."

"ಬೆಡ್‌ಶೀಟು. ಮುಂಚೆ ವರ್ಷಕ್ಕೆ ಒಂಬತ್ತರಲ್ಲಿ ಒಂದು ಕಳೆದುಹೋಗ್ತಿತ್ತು. ನಾನು ವಾರಕ್ಕೆರಡು ಸಲ ಆಸ್ಪತ್ರೆಗೆ ಹೋಗಿ ನರ್ಸಮ್ಮಂದಿರ ಜೊತೆ ಜಗಳ ಆಡಿ ಬರ್ತಿದ್ದೆ. ಇವಳು ವಾರ್ಡಿಗೊಂದು ಬಣ್ಣದ ದಾರ ಅಂಚಿಗೆ ಹೊಲಿಸಿದ್ಲು. ಹೆರಿಗೆಗೆ ಹಳದಿ, ಆಪರೇಷನ್ನಿಗೆ ನೀಲಿ. ಎಲ್ಲಿ ತಪ್ಪಿದ್ರೂ ಯಾರ ಕಣ್ಣಿಗಾದ್ರೂ ಬೀಳತ್ತೆ. ಈಗ ಎಪ್ಪತ್ತಕ್ಕೆ ಒಂದು ಹೋದ್ರೆ ಹೆಚ್ಚು. ನಾನು ಆ ಕಡೆ ಹೋಗಿ ವರ್ಷ ಆಯ್ತು. ಹೋದ ತಿಂಗಳು ಅಲ್ಲಿನ ನರ್ಸಮ್ಮ ನಮ್ಮ ಡ್ರೈವರನ್ನ ಕೇಳಿದಾರೆ, 'ನಿಮ್ಮ ಯಜಮಾನರು ಇದಾರಾ, ಹೋಗ್ಬಿಟ್ರಾ' ಅಂತ!"

ಆ ಕಡೆಯಿಂದ ಕೆಮ್ಮಿನ ಹಾಗೆ ಏನೋ ಕೇಳಿಸಿತು.

"ಮೂರನೇದು. ಬಾಯ್ಲರ್ ಕೆಟ್ಟು ನಾಲ್ಕು ದಿನ ಆವಿ ಇರಲಿಲ್ಲ. ಈ ರಸ್ತೆ ಕೊನೇಲಿ ಇನ್ನೊಬ್ಬ ಲಾಂಡ್ರಿಯವನಿದಾನೆ, ಹದಿನಾಲ್ಕು ವರ್ಷದಿಂದ ನಾನೂ ಅವನೂ ಮುಖ ನೋಡಲ್ಲ. ಇವಳು ನೆಟ್ಟಗೆ ಅವನ ಹತ್ರ ಹೋಗಿ ಅವನ ಮೆಷಿನ್ನು ಕೇಳ್ಕೊಂಡು ಬಂದ್ಲು. ಬಟ್ಟೆ ಇಲ್ಲ ಅಂತ ಒಂದೇ ಒಂದು ಆಪರೇಷನ್ ಮುಂದಕ್ಕೆ ಹೋಗ್ಲಿಲ್ಲ. ಸರಿ, ಒಳ್ಳೇದೇ ಆಯ್ತು. ಆದ್ರೆ ಈಗ ಅವನು ಸಿಕ್ಕಿದಲ್ಲೆಲ್ಲ ನಮಸ್ಕಾರ ಅಂತಾನೆ ಮೇಡಂ! ನಾನೂ ಅನ್ಬೇಕು!"

ಪ್ಲೈವುಡ್ಡಿನ ಈಚೆ ರೋಲರಿನವನು ಬಾಯಿಗೆ ದಿಂಬಿನ ಚೀಲ ಒತ್ತಿಕೊಂಡಿದ್ದ. ದೊಡ್ಡಮ್ಮ ನಗುತ್ತಿದ್ದರು. ಗುಬ್ಬಿ ನಗುತ್ತಿರಲಿಲ್ಲ. ಐದು ವರ್ಷದಲ್ಲಿ ದೊಡ್ಡಪ್ಪ ಇದರಲ್ಲಿ ಯಾವುದನ್ನೂ ಗಮನಿಸಿದಂತೆ ತೋರಿಸಿಕೊಂಡಿರಲಿಲ್ಲ. ಅವಳು ಮಡಚಿಟ್ಟಿದ್ದ ಬೆಡ್‌ಶೀಟೊಂದನ್ನು ಬಿಚ್ಚಿ ಮತ್ತೆ ಮಡಚಿದಳು.

"ಜನ ನಲವತ್ತಾರು ಅನ್ನೋದು ಸರೀನಾ ಸರ್?"

"ತಪ್ಪು."

ಗುಬ್ಬಿಯ ಕೈ ನಿಂತಿತು.

"ನಲವತ್ತೆಂಟು. ನನ್ನನ್ನೂ ನನ್ನ ಹೆಂಡತೀನೂ ಸೇರಿಸಿಲ್ಲ ಅವಳು."

ಪರಿಶೀಲಕಿ ಈ ಸಲ ಮುಚ್ಚಿಡದೆ ನಕ್ಕರು. "ನಲವತ್ತಾರು ಅಂತಾನೇ ಇರ್ಲಿ ಸರ್, ಅವರು ಕಳಿಸಿರೋ ಪಾಳಿ ಪಟ್ಟಿಗೆ ತಾಳೆ ಆಗತ್ತೆ. ಕೊನೇ ಪ್ರಶ್ನೆ, ಎಲ್ಲರಿಗೂ ಕೇಳೋದು. ಇವರನ್ನ ಮತ್ತೆ ಕೆಲಸಕ್ಕೆ ತಗೋತೀರಾ?"



"ಮೊದಲು ಹೋಗ್ಲಿ ಮೇಡಂ," ಅಂದರು ದೊಡ್ಡಪ್ಪ. ದನಿ ಇಳಿದಿತ್ತು. "ಎರಡು ವರ್ಷ ಓದ್ಲಿ. ಇದಕ್ಕಿಂತ ದೊಡ್ಡ ಕೆಲಸ ಸಿಗತ್ತೆ, ಸಿಗ್ಲಿ. ಸಿಕ್ಕೇ ಸಿಗತ್ತೆ." ಆಮೇಲೆ ಸೇರಿಸಿದರು. "ನೀವು ತಗೋತೀನಿ ಅಂತ ಬರ್ಕೊಳಿ."

ಹೊರಗೆ ಬಂದಾಗ ದೊಡ್ಡಪ್ಪ ಯಾರ ಮುಖವನ್ನೂ ನೋಡಲಿಲ್ಲ. "ರೋಲರ್ ಯಾಕೆ ನಿಂತಿದೆ?"

"ದೂರು ಕೇಳ್ತಿದ್ವಿ," ಅಂದರು ದೊಡ್ಡಮ್ಮ.

"ಕೇಳಿ ಆಯ್ತಲ್ಲ. ಇನ್ನು ಹಚ್ಚಿ."

ಗುಬ್ಬಿ ಹತ್ತಿರ ಬಂದು ನಿಂತಳು. ಅವರಿಗಿಂತ ಎರಡು ಅಂಗುಲ ಎತ್ತರ.

"ದೊಡ್ಡಪ್ಪ, ಚೆನ್ನಾಗಿ ಮಾತಾಡಿದ್ರಿ."

"ಏನೋ. ಪರವಾಗಿಲ್ಲ," ಅಂದು ಅವರು ಬಾಯ್ಲರಿನ ಕಡೆ ಹೋದರು.

ಶುಕ್ರವಾರ ಹನ್ನೊಂದು ಗಂಟೆ ನಲವತ್ತು ನಿಮಿಷಕ್ಕೆ, ಪರಿಶೀಲನೆ ಮುಗಿದಿದೆ, ಸೀಟು ಖಚಿತವಾಗಿದೆ ಎಂಬ ಇಮೇಲ್ ಬಂತು. ಏಳು ವಾರದ ನಂತರ ತರಗತಿ ಶುರುವಾಯಿತು. ಗುಬ್ಬಿಯ ಕೆಲಸಕ್ಕೆ ದೊಡ್ಡಪ್ಪ ಇಬ್ಬರನ್ನು ತೆಗೆದುಕೊಂಡರು. ಮೂರನೇ ವಾರದಲ್ಲಿ ಒಬ್ಬ ಬಿಟ್ಟು ಹೋದ.