ತಲೆಯೆತ್ತದ ಹಾಜರಿ

ಶಾಲೆಯಿಂದ ಚೀಟಿ ಬಂದಿತ್ತು: ಮಗಳು ಮೂರು ತಿಂಗಳಿಂದ ಗೈರುಹಾಜರು, ಹೆಸರು ತೆಗೆದುಹಾಕಲಾಗುವುದು. ಬಟ್ಟೆ ಹೊಲಿಯುತ್ತಿದ್ದ ತಾಯಿ ಮಿಷನ್ ಬಿಟ್ಟೆದ್ದು ಶಾಲೆಗೆ ಓಡಿಬಂದಳು. ದಿನಾ ತಾನೇ ಕೈಹಿಡಿದು ತಂದು ಬಿಡುವ ಮಗಳು ಮೊದಲನೇ ಬೆಂಚಿನಲ್ಲೇ ಕೂತಿದ್ದಳು!

“ಹೆಸರು ಕೂಗಿದರೆ ಓಗೊಡೋದಿಲ್ಲವಲ್ಲಮ್ಮ,” ಎಂದರು ಮೇಷ್ಟ್ರು, ಹಾಜರಿ ಪುಸ್ತಕದಿಂದ ತಲೆಯೆತ್ತದೆ.

“ಕಿವಿ ಕೇಳಿಸಲ್ಲ ಅಂತ ಸೇರಿಸುವಾಗಲೇ ಬರೆಸಿದ್ದೆನಲ್ಲ ಮೇಷ್ಟ್ರೇ?”

“ಅದು ಹೆಡ್‌ಮೇಷ್ಟ್ರ ಫೈಲಿನಲ್ಲಿದೆ. ನನ್ನ ಪುಸ್ತಕದಲ್ಲಿ ಓಗೊಟ್ಟವರಿಗೆ ಮಾತ್ರ ಹಾಜರಿ. ಕಿವುಡರ ಶಾಲೆ ಇದೆಯಲ್ಲ, ಮೂರು ಬಸ್ಸು ಹತ್ತಿಳಿದರಾಯ್ತು. ಅಲ್ಲಿಗೆ ಸೇರಿಸಿ.”

“ಅವಳಿಗೆ ಕಿವಿ ಕೇಳಲ್ಲ, ಸರಿ. ನಿಮ್ಮ ಕಣ್ಣಿಗೇನು ಬಂತು ಧಾಡಿ? ಎದುರಿಗಿರೋ ಮಗು ಕಾಣದ ಮೇಷ್ಟ್ರಿಗೂ ಬೇರೆ ಶಾಲೆ ಇದೆಯಾ, ವಿಚಾರಿಸಲಾ?”

ಮಕ್ಕಳು ಕಿಸಕ್ಕೆಂದರು. ತಾಯಿ ಬೆಂಚಿನ ತುದಿಗೆ ಕೂತೇಬಿಟ್ಟಳು. “ಕೂಗಿ, ನಾನೇ ಓಗೊಡ್ತೀನಿ. ದಿನಾ ಬರ್ತೀನಿ.”

ದಿನಾ ಎಂದದ್ದೇ ಮೇಷ್ಟ್ರು ಪೆನ್ನು ಕೈಗೆತ್ತಿಕೊಂಡರು. ಗೊಣಗುತ್ತ ಹಾಜರಿ ಕರೆಯತೊಡಗಿದರು. ಹುಡುಗಿಯ ಸರದಿ ಬಂದಾಗ, ಮೂರು ತಿಂಗಳಲ್ಲಿ ಮೊದಲ ಸಲ, ಆ ಮಹಾನುಭಾವರು ಕತ್ತೆತ್ತಿ ನೋಡುವ ಕಷ್ಟ ತೆಗೆದುಕೊಂಡರು. ತನಗಿಂತ ಮೊದಲ ಹೆಸರಿನ ಪಕ್ಕದ ಹುಡುಗಿ ಓಗೊಟ್ಟು ಬಾಯಿ ಮುಚ್ಚಿದೊಡನೆ, ದಿನಾ ಎತ್ತುವಂತೆಯೇ, ಅವಳು ಕೈ ಎತ್ತಿದ್ದಳು.